ದೇವರ ಕೂಡ ಮಾತು ಬಿಟ್ಟೇನ್ರಿ, ಅಕ್ಕೋರ

ಓದುಗರ ಪತ್ರಗಳಿಗೆ ಗದುಗಿನ ಅಕ್ಕೋರ ಉತ್ತರ

ಪ್ರಶ್ನೆ: ಅಕ್ಕೋರ, ನಾನು ರಾಣೆಬೆನ್ನೂರು ತಾಲ್ಲೂಕಿನಾಕಿ. ವಯಸ್ಸು 47. ಮದುವಿ ಆಗಿ ಏಳು ವರ್ಷ ಮಕ್ಕಳಿರಲಿಲ್ಲ. ದೇವರಗುಡ್ಡದ ಮಾಲತೇಶಗ ಹರಕಿ ಹೊತ್ತ ಮ್ಯಾಲೆ ಮಗ ಹುಟ್ಟಿದ. ಪ್ರತಿ ದಸರಾಕ್ಕೂ ಅವನ್ನ ಕರಕೊಂಡು ಗುಡ್ಡಕ್ಕ ಹೋಗ್ತಿದ್ದಿವಿ. ಎರಡು ವರ್ಷದ ಹಿಂದ, ಡಿಗ್ರಿ ಎರಡನೇ ವರ್ಷದಾಗ ಇದ್ದಾಗ, ಹೈವೇದಾಗ ಬೈಕ್ ಅಪಘಾತ ಆಗಿ ತೀರಿಕೊಂಡ. ಅವತ್ತಿನಿಂದ ನಾ ದೇವರ ಕೂಡ ಮಾತು ಬಿಟ್ಟೇನಿ. ಅತ್ತಿಯವರು ದೀಪ ಹಚ್ಚಿದ್ರ ನಾ ಎದ್ದು ಹಿತ್ತಲಕ್ಕ ಹೋಗ್ತೇನಿ. ಮಂದಿ ‘ಹಿಂದಿನ ಜನ್ಮದ ಕರ್ಮ’ ಅಂತಾರ. ಪ್ರವಚನದಾಗ ‘ದುಃಖ ಮನುಷ್ಯಾನ್ನ ದೊಡ್ಡಾಂವನ್ನ ಮಾಡತೈತಿ’ ಅಂತಾರ. ನಾ ದೊಡ್ಡಾಕಿ ಆಗಿಲ್ಲ ಅಕ್ಕೋರ, ಸಣ್ಣಾಕಿ ಆಗೇನಿ. ಓಣ್ಯಾಗ ಯಾರ ಮಗನ ಮದುವಿ ಆದ್ರೂ ನನಗ ಹೊಟ್ಟಿ ಉರೀತೈತಿ. ರಾತ್ರಿ ನಿದ್ದಿ ಇಲ್ಲ. ಅವನ ಕಾಲೇಜಿನ ಬ್ಯಾಗು ಇನ್ನೂ ಗೂಟಕ್ಕ ಐತಿ. ನೀವೂ ಕಷ್ಟ ಉಂಡಾವರು ಅಂತ ಹಿಂದೊಮ್ಮಿ ಬರದಿದ್ರಿ. ನಿಮಗ ನಂಬಿಕಿ ಹೆಂಗ ತಿರುಗಿ ಬಂತು?

ಉತ್ತರ: ತಂಗೀ, ನಿನ್ನ ಪತ್ರ ಬಂದು ಹನ್ನೆರಡು ದಿನ ಆದವು. ಮೂರು ಸಲ ಉತ್ತರ ಬರೆಯಲು ಕೂತು ಎದ್ದಿದ್ದೇನೆ. ನಿನಗಿಂತ ಇಪ್ಪತ್ತು ವರ್ಷ ಹಿರಿಯಳು ನಾನು, ಏಕವಚನದಲ್ಲಿ ಬರೆದರೆ ತಪ್ಪು ತಿಳಿಯಬೇಡ. ಮಗನನ್ನು ಕಳಕೊಂಡ ತಾಯಿಯ ಸಂಕಟ ನನಗೆ ಗೊತ್ತು ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲ. ನಾನು ಕಳಕೊಂಡದ್ದು ಗಂಡನನ್ನು, ಅದೂ ಐದು ವರ್ಷ, ದಿನಾ ಇಷ್ಟಿಷ್ಟೇ. ನಿನಗೆ ಒಂದೇ ಸಂಜೆಯಲ್ಲಿ ಎಲ್ಲ ಮುಗಿದುಹೋಯಿತು. ಇವೆರಡನ್ನೂ ತಕ್ಕಡಿಗೆ ಹಾಕುವುದು ಬೇಡ. ನನಗೆ ನಂಬಿಕೆ ಹೇಗೆ ತಿರುಗಿ ಬಂತು ಅಂತ ಕೇಳಿದ್ದೀ, ಅಷ್ಟನ್ನು ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಮನೆಯವರು ಗದುಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕಿದ್ದರು. ನಮ್ಮೂರಿಗೆ ಮುದ್ರಣ ಕಾಶಿ ಅನ್ನುತ್ತಾರಲ್ಲ, ಆ ಕಾಶಿಯಲ್ಲಿ ಸವೆದ ಕೈಗಳಲ್ಲಿ ಅವರದೂ ಒಂದು ಜೋಡಿ. ಅಚ್ಚಿನ ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಅವರು ಉಲ್ಟಾ ಅಕ್ಷರವನ್ನೇ ಬೇಗ ಓದುತ್ತಿದ್ದರು. ಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂದ ಮೇಲೂ ಮಾಲೀಕರು ಅವರನ್ನು ಬಿಡದೆ ಪ್ರೂಫ್ ನೋಡಲು ಇಟ್ಟುಕೊಂಡರು. 2009ರ ಮಳೆಗಾಲದಲ್ಲಿ ಕಾಲು ಬಾತವು. ಮೊದಲು ತೋರಿಸಿದ ಕಡೆ ನಿಶ್ಶಕ್ತಿ, ಗ್ಯಾಸ್ಟ್ರಿಕ್ಕು ಅಂತ ನಾಲ್ಕು ತಿಂಗಳು ಗುಳಿಗೆ ಕೊಟ್ಟರು. ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿತ್ತು. ಮಾಡಿಸುವ ಹೊತ್ತಿಗೆ ಎರಡೂ ಕಿಡ್ನಿ ಕೆಲಸ ಬಿಟ್ಟಿದ್ದವು. 2010ರ ಜನವರಿಯಿಂದ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ದಿನ, ಒಂದೊಂದು ಸಲ ನಾಲ್ಕು ತಾಸು. ಮಂಗಳವಾರ, ಗುರುವಾರ ಮೈದುನ ಕರಕೊಂಡು ಹೋಗುತ್ತಿದ್ದ. ಶನಿವಾರ ಮುಂಜಾನೆ ಶಾಲೆಯಲ್ಲಿ ಪಾಠ ಮುಗಿಸಿ ನಾನು ಹೋಗುತ್ತಿದ್ದೆ. ಹುಲಕೋಟಿ, ಅಣ್ಣಿಗೇರಿ, ಹೆಬಸೂರ, ಎರೆಹೊಲದ ನಡುವೆ ಸುಮಾರು 60 ಕಿಲೋಮೀಟರ್. ಹೋಗುವಾಗ ಅವರು ಉಬ್ಬಸ ಪಡುತ್ತ ಕೂತಿರುತ್ತಿದ್ದರು, ಬರುವಾಗ ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ.

ಡಯಾಲಿಸಿಸ್ ಅಂದರೆ ಸೂಜಿಯ ನೋವು ಅಂತ ಮಂದಿ ತಿಳಿಯುತ್ತಾರೆ. ಸೂಜಿಗೆ ಕೈ ಒಗ್ಗಿಬಿಡುತ್ತದೆ. ಒಗ್ಗದೇ ಇರುವುದು ನೀರಡಿಕೆ. ಮೂತ್ರ ಹೋಗುವುದು ನಿಂತ ಮೇಲೆ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ. ಮೊದಲು ಕಾಲು ಬಾಯುತ್ತವೆ, ಆಮೇಲೆ ಉಸಿರು ಕಟ್ಟುತ್ತದೆ. ಅವರಿಗೆ ದಿನಕ್ಕೆ 700 ಮಿಲಿಲೀಟರ್ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಚಹಾ, ಸಾರು, ಮಜ್ಜಿಗೆ, ಗುಳಿಗೆ ನುಂಗುವ ನೀರು, ಎಲ್ಲಾ ಸೇರಿ ಅಷ್ಟೇ. ದಿನಾ ಬೆಳಿಗ್ಗೆ ಒಂದು ಬಾಟಲಿಗೆ 700 ಅಳೆದು ತುಂಬಿ ಅಡಿಗೆಮನೆಯ ಮಾಡದಲ್ಲಿ ಇಡುತ್ತಿದ್ದೆ. ಅವರು ಒಂದು ಕಪ್ ಚಹಾ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ತೆಗೆದು ತುಳಸಿಗೆ ಹಾಕುತ್ತಿದ್ದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿನಗೆ ಹೇಳಬೇಕಿಲ್ಲ. ಸಂಜೆ ನಾಲ್ಕಕ್ಕೆ ಬಾಟಲಿಯ ತಳದಲ್ಲಿ ಎರಡು ಬೆರಳು ನೀರು ಉಳಿದಿರುತ್ತಿತ್ತು. ಅವರು ಅದನ್ನೇ ನೋಡುತ್ತ ಕೂಡುತ್ತಿದ್ದರು, ಬೇಡುತ್ತಿರಲಿಲ್ಲ. ನಿಂಬೆಹೋಳಿನ ತುದಿ ನಾಲಿಗೆಗೆ ಹಚ್ಚುತ್ತಿದ್ದೆ. ಒಂದು ರಾತ್ರಿ ಬಚ್ಚಲಲ್ಲಿ ಸಪ್ಪಳ ಆಯಿತು. ಎದ್ದು ಹೋಗಿ ನೋಡಿದರೆ, ಹಂಡೆಯಿಂದ ಒಂದು ತಂಬಿಗೆ ನೀರು ತುಂಬಿ ಎರಡೂ ಕೈಯಲ್ಲಿ ಹಿಡಕೊಂಡು ಕತ್ತಲಲ್ಲಿ ನಿಂತಿದ್ದರು. ಕುಡಿದಿರಲಿಲ್ಲ. ನನ್ನನ್ನು ನೋಡಿ ನೀರನ್ನು ಮೆಲ್ಲಗೆ ಹಂಡೆಗೆ ಸುರಿದರು. ಇಬ್ಬರೂ ಮಾತಾಡದೆ ಬಂದು ಮಲಗಿದೆವು.

ಮರುದಿನದಿಂದ ನಾನು ದೀಪ ಹಚ್ಚುವುದನ್ನು ಬಿಟ್ಟೆ. ಅಲ್ಲಿಯವರೆಗೆ ಸೋಮವಾರ ತಪ್ಪದೆ ತ್ರಿಕೂಟೇಶ್ವರನ ಗುಡಿಗೆ ಹೋಗುವಾಕಿ ನಾನು. ಗಂಗೆಯನ್ನು ತಲೆಯ ಮೇಲೆ ಹೊತ್ತುಕೊಂಡು, ದಿನಾ ಕೊಡಗಟ್ಟಲೆ ಅಭಿಷೇಕ ಮಾಡಿಸಿಕೊಳ್ಳುವ ನಿನಗೆ ನನ್ನ ಗಂಡನಿಗೊಂದು ತಂಬಿಗೆ ನೀರು ಕೊಡುವುದು ಭಾರವಾಯಿತೇ ಅಂತ ಅನ್ನಿಸಿತು. ಗುಡಿಗೆ ಹೋಗುವುದು ನಿಲ್ಲಿಸಿದೆ. ಮನೆಯ ದೇವರ ಜಗಲಿಯ ಮುಂದೆ ಒಂದು ಹಳೆಯ ಸೀರೆ ಕಟ್ಟಿ ಮರೆ ಮಾಡಿದೆ. ನಿನ್ನ ಹಾಗೇ, ಮಾತು ಬಿಟ್ಟೆ. ಹದಿನಾರು ತಿಂಗಳು.

ಆ ಹದಿನಾರು ತಿಂಗಳಲ್ಲಿ ನನಗೊಂದು ರೂಢಿ ಬೆಳೆಯಿತು. ಡಯಾಲಿಸಿಸ್ಸಿಗೆ ಅಂತ ಮುಂಗೈಯಲ್ಲಿ ಆಪರೇಶನ್ ಮಾಡಿ ಎರಡು ರಕ್ತನಾಳ ಕೂಡಿಸುತ್ತಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅಲ್ಲಿ ರಕ್ತ ಜೋರಾಗಿ ಓಡುತ್ತದೆ. ಅದರ ಮೇಲೆ ಅಂಗೈ ಇಟ್ಟರೆ ಗುಂಯ್ ಅಂತ ತಾಗುತ್ತದೆ, ಮಲಗಿದ ಬೆಕ್ಕಿನ ಮೈ ಮುಟ್ಟಿದ ಹಾಗೆ. ಆ ಗುಂಯ್ ನಿಂತರೆ ನಾಳ ಕಟ್ಟಿಕೊಂಡಿದೆ ಅಂತ ಅರ್ಥ, ಕೂಡಲೇ ಆಸ್ಪತ್ರೆಗೆ ಓಡಬೇಕು. ದಿನಾ ಮಲಗುವ ಮುಂಚೆ ಅವರ ಎಡಗೈ ಮೇಲೆ ಕೈಯಿಟ್ಟು ನೋಡಿಯೇ ನಾನು ಲೈಟು ಆರಿಸುತ್ತಿದ್ದೆ.

ಡಯಾಲಿಸಿಸ್ ವಾರ್ಡಿನಲ್ಲಿ ನಮ್ಮ ಪಕ್ಕದ ಮಂಚಕ್ಕೆ ಶಿರಹಟ್ಟಿ ಕಡೆಯ ಒಬ್ಬ ಒಕ್ಕಲುಮಗ ಬರುತ್ತಿದ್ದ. ಮೂವತ್ತೈದು ಇರಬಹುದು. ಇಬ್ಬರು ಸಣ್ಣ ಹೆಣ್ಣುಮಕ್ಕಳು, ಎರಡು ಎಕರೆ ಆಗಲೇ ಮಾರಿದ್ದ. ಜೊತೆಗೆ ಬರುವವರು ಯಾರೂ ಇರಲಿಲ್ಲ, ಒಬ್ಬನೇ ಬಸ್ಸು ಹತ್ತಿ ಬಂದು ಒಬ್ಬನೇ ಹೋಗುತ್ತಿದ್ದ. ನಾನು ನಮ್ಮವರ ಕೈ ಮುಟ್ಟಿ ನೋಡುವುದನ್ನು ಕಂಡು ಒಂದು ದಿನ, “ನಂದೂ ನೋಡ್ರಿ ಅಕ್ಕೋರ, ಓಡಾಕತ್ತೈತೋ ಇಲ್ಲೋ” ಅಂದ. ನೋಡಿದೆ. ಓಡುತ್ತಿತ್ತು. ಅವತ್ತಿನಿಂದ ಪ್ರತಿ ಶನಿವಾರ ಎರಡು ಕೈ ನೋಡುವುದಾಯಿತು. 2011ರ ಆಗಸ್ಟ್, ಶ್ರಾವಣ. ನಾಲ್ಕು ತಾಸು ಮುಗಿಸಿ ಎದ್ದವನಿಗೆ ಬಿ.ಪಿ. ಇಳಿದು ಕಣ್ಣಿಗೆ ಕತ್ತಲೆ ಬಂತು. ನೀರು ಚಿಮುಕಿಸಿ ಕೂಡಿಸಿದೆ. ಸುಧಾರಿಸಿಕೊಂಡು ಹೇಳಿದ: “ಅಕ್ಕೋರ, ನೀವು ಓದಿದಾರು. ನಾಕ ಮಂದೀಗೆ ಬುದ್ಧಿ ಹೇಳಾವರು. ನಿಮ್ಮ ಮಾತು ಅಂವ ಕೇಳ್ತಾನ. ನನ್ನ ಸಲುವಾಗಿ ದೇವರಿಗೆ ಒಂದ ಮಾತ ಹೇಳ್ರಿ.”

ನಾನು ಅವನ ಕೂಡ ಮಾತು ಬಿಟ್ಟಿದ್ದೇನಪ್ಪ ಅಂತ ಆ ಹುಡುಗನಿಗೆ ಹೇಗೆ ಹೇಳಲಿ? ಹೂಂ ಅಂದೆ. ಹೂಂ ಅಂದ ಮೇಲೆ ಮಾಡಬೇಕಲ್ಲ.

ರಾತ್ರಿ ಮನೆಗೆ ಬಂದು ಜಗಲಿಯ ಮುಂದಿನ ಸೀರೆ ಸರಿಸಿದೆ. ಹಿತ್ತಾಳೆಯ ದೀಪದ ಸಮೆಯಲ್ಲಿ ಹದಿನಾರು ತಿಂಗಳ ಹಳೆಯ ಎಣ್ಣೆ ಅಂಟು ಕಟ್ಟಿ ಗೋಂದಾಗಿತ್ತು, ಅದರಲ್ಲಿ ಒಂದು ಸತ್ತ ಇರುವೆ, ಕರಿ ಬತ್ತಿಯ ಚೂರು. ಬಿಸಿನೀರು ಹಾಕಿದೆ, ಹೋಗಲಿಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ನಾರಿನಿಂದ ತಿಕ್ಕುತ್ತ ಬಚ್ಚಲಲ್ಲಿ ಕೂತೆ. ಅರ್ಧ ತಾಸು ಹಿಡಿಯಿತು. ತಿಕ್ಕುತ್ತ ತಿಕ್ಕುತ್ತ ಬಾಯಿ ತಾನೇ ಶುರುವಾಗಿತ್ತು. “ನನ್ನ ಸಲುವಾಗಿ ಬಂದಿಲ್ಲ ನಾನು. ನಿನ್ನ ಮ್ಯಾಲಿನ ಸಿಟ್ಟು ಹಂಗ ಐತಿ. ಆ ಶಿರಹಟ್ಟಿ ಹುಡುಗಗ ಎರಡು ಸಣ್ಣ ಕೂಸುಗಳದಾವ. ಅಂವಗ ಬಸ್ಸಿನಾಗ ಕುಂದರಾಕ ಜಾಗಾನಾದ್ರೂ ಕೊಡಸು.” ದೀಪ ಹಚ್ಚುವ ಮೊದಲೇ, ಕೈಯೆಲ್ಲ ಹುಣಸೆಹುಳಿ ಮೆತ್ತಿಕೊಂಡಿರುವಾಗಲೇ, ನಾನು ಒಂದೂವರೆ ವರ್ಷದ ಮಾತು ಆಡಿ ಮುಗಿಸಿದ್ದೆ. ಅತ್ತುಕೊಂಡೆ. ಬೈದೆ. ಆ ತಂಬಿಗೆ ನೀರಿನ ಮಾತನ್ನೂ ಎತ್ತಿದೆ.

ಅದರಿಂದ ಏನಾಯಿತು ಅಂದರೆ, ತಂಗೀ, ಏನೂ ಆಗಲಿಲ್ಲ. ಆ ಹುಡುಗ ಮುಂದಿನ ವರ್ಷ ಸಂಕ್ರಾಂತಿ ದಾಟಿದ ಮೇಲೆ ಬರಲಿಲ್ಲ. ಮೂರು ಶನಿವಾರ ಮಂಚ ಖಾಲಿ ಇತ್ತು, ನಾಲ್ಕನೆಯ ಶನಿವಾರ ಬೇರೆಯವರು ಬಂದರು. ನಮ್ಮ ಮನೆಯವರು 2015ರ ಮಾರ್ಚಿನಲ್ಲಿ ಹೋದರು. ನಸುಕಿನಲ್ಲಿ ಎಚ್ಚರವಾಗಿ ರೂಢಿಯಂತೆ ಕೈ ಮೇಲೆ ಕೈ ಇಟ್ಟೆ. ಗುಂಯ್ ಅನ್ನುವುದು ಇರಲಿಲ್ಲ. ಆಗ ಮತ್ತೆ ಮಾತು ಬಿಟ್ಟಿರೇನು ಅಂತ ನೀನು ಕೇಳಬಹುದು. ಇಲ್ಲ. ಜಗಳ ಆಡಿದೆ. ಬಹಳ ಆಡಿದೆ. ಮಾತು ಬಿಡಲಿಲ್ಲ.

ಇಷ್ಟೇ ನನ್ನ ನಂಬಿಕೆಯ ಕಥೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದ ಅದು ಬರಲಿಲ್ಲ, ಉತ್ತರ ಇವತ್ತಿಗೂ ಸಿಕ್ಕಿಲ್ಲ. ನಿನ್ನ ಪತ್ರದ ಒಂದು ಶಬ್ದ ಹಿಡಿದು ನಾನು ಹನ್ನೆರಡು ದಿನ ಕೂತಿದ್ದೆ. ಮಾತು ಬಿಟ್ಟೇನಿ ಅಂತ ಬರೆದಿದ್ದೀ. ಮಾತು ಬಿಡುವುದು ಯಾರ ಕೂಡ? ಅಕ್ಕತಂಗಿಯರು ಬಿಡುತ್ತಾರೆ, ಗಂಡಹೆಂಡತಿ ಬಿಡುತ್ತಾರೆ, ಒಂದೇ ಓಣಿಯ ಗೆಳತಿಯರು ಬಿಡುತ್ತಾರೆ. ದಾರಿಯಲ್ಲಿ ಹೋಗುವ ಅಪರಿಚಿತನ ಕೂಡ ಯಾರಾದರೂ ಮಾತು ಬಿಟ್ಟಿದ್ದು ಕೇಳಿದ್ದೀಯಾ? ದೇವರಿಲ್ಲ ಅಂತ ನೀನು ಬರೆಯಲಿಲ್ಲ. ಇಲ್ಲ ಅನ್ನುವವರನ್ನೂ ನಾನು ಬಲ್ಲೆ, ಅವರ ಮಾತಿಗೂ ನನ್ನಲ್ಲಿ ಗೌರವ ಇದೆ. ಆದರೆ ನೀನು ಬರೆದದ್ದು ಅದಲ್ಲ. ಅತ್ತೆ ದೀಪ ಹಚ್ಚಿದರೆ ಎದ್ದು ಹಿತ್ತಲಿಗೆ ಹೋಗುವಾಕಿ, ಅಲ್ಲಿ ಯಾರೋ ಇದ್ದಾನೆ ಅಂತಲೇ ಎದ್ದು ಹೋಗುತ್ತಾಳೆ.

ದೇವರಿಗೆ ಬೈದರೆ ಪಾಪ ಅಂತ ನಿನಗೆ ಯಾರು ಹೇಳಿದರೋ ಕಾಣೆ. ನಮ್ಮ ಅಜ್ಜಿಯರು ಹಾಗೆ ತಿಳಿದಿರಲಿಲ್ಲ. ಹೆಣದ ಮುಂದೆ ಹಾಡ್ಯಾಡಿಕೊಂಡು ಅಳುವ ಮುದುಕಿಯರನ್ನು ನೀನೂ ಕಂಡಿರಬೇಕು. ನಿನಗ ಕಣ್ಣಿಲ್ಲೇನು, ಕರುಳಿಲ್ಲೇನು ಅಂತ ಶಿವನನ್ನು ಹೆಸರು ಹಿಡಿದು ಕೇಳುತ್ತಾರೆ. ದಾಸರು ದೇವರನ್ನು ಬೈದು ಹಾಡಿದ ಹಾಡುಗಳೇ ಬೇಕಾದಷ್ಟಿವೆ. ಅವುಗಳಿಗೆ ನಿಂದಾಸ್ತುತಿ ಅಂತ ಹೆಸರಿಟ್ಟು ಗುಡಿಯೊಳಗೇ ಹಾಡುತ್ತ ಬಂದಿದ್ದೇವೆ. ನಿಮ್ಮ ಜಿಲ್ಲೆಯ ಕಾಗಿನೆಲೆಯನ್ನೇ ನೋಡು. ಕನಕದಾಸರು ಶಿಗ್ಗಾಂವಿ ತಾಲ್ಲೂಕಿನ ಬಾಡದವರು, ಮೊದಲು ಕತ್ತಿ ಹಿಡಿದವರು. ಯುದ್ಧದಲ್ಲಿ ಮೈತುಂಬ ಗಾಯವಾಗಿ ಬಿದ್ದು ಬದುಕಿದ ಮೇಲೆ ಆದಿಕೇಶವನ ಕಡೆ ತಿರುಗಿದರು ಅಂತ ನಮ್ಮ ಕಡೆ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರೂ ದೇವರ ಮುಂದೆ ಬಾಯಿ ಮುಚ್ಚಿ ಕೂತವರಲ್ಲ, ಕೇಳಿದವರು. ಮಾಲತೇಶನಿಗೆ ನೀನೂ ಕೇಳು. ಕೊಟ್ಟವನು ನೀನೇ, ಹತ್ತೊಂಬತ್ತು ವರ್ಷಕ್ಕೇ ಏಕೆ ಕಸಿದುಕೊಂಡೆ ಅಂತ ಕೇಳು. ಗುಡ್ಡಕ್ಕೇ ಹೋಗಬೇಕು ಅಂತ ಇಲ್ಲ, ಹಿತ್ತಲಲ್ಲಿ ನಿಂತೇ ಕೇಳು.

ದೊಡ್ಡಾಕಿ ಆಗುವ ಮಾತಿಗೆ ಬರುತ್ತೇನೆ. ದುಃಖದಿಂದ ಮನುಷ್ಯ ತಾನಾಗಿ ದೊಡ್ಡವನಾಗುವುದಿಲ್ಲ. ದುಃಖ ಉಂಡು ಕಹಿಯಾದವರನ್ನೂ ನಾನು ಕಂಡಿದ್ದೇನೆ, ಅವರ ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನಲ್ಲಿ ಏನು ಬೆಳೆಯಿತು ಅಂತ ಹುಡುಕಿದರೆ ಒಂದೇ ಒಂದು ಸಿಗುತ್ತದೆ. ನಾಲ್ಕನೇ ಇಯತ್ತೆಯಲ್ಲಿ ಒಬ್ಬ ಹುಡುಗಿ ದಿನಾ ತಡವಾಗಿ ಬರುತ್ತಿದ್ದಳು. ನಾನು ತಡ ಮಾಡಿದವರನ್ನು ಬಾಗಿಲ ಹೊರಗೆ ನಿಲ್ಲಿಸುವಾಕಿ, ಮೂವತ್ತು ವರ್ಷ ನಿಲ್ಲಿಸಿದ್ದೆ. ಒಂದು ಸೋಮವಾರ ನನಗೇ ನಿಲ್ಲಲು ತ್ರಾಣ ಇರಲಿಲ್ಲ. ಅವಳನ್ನು ಒಳಗೆ ಕರೆದು ಪಕ್ಕದಲ್ಲಿ ಕೂಡಿಸಿಕೊಂಡು ಯಾಕವ್ವಾ ಅಂದೆ. ಹಾಸಿಗೆ ಹಿಡಿದ ತಾಯಿಯ ಮೈ ಒರೆಸಿ, ನಳಕ್ಕೆ ಪಾಳಿ ನಿಂತು ನೀರು ತುಂಬಿಟ್ಟು ಬರುತ್ತಿದ್ದಳು ಒಂಬತ್ತು ವರ್ಷದ ಕೂಸು. ಮೂವತ್ತು ವರ್ಷದಲ್ಲಿ ಹಾಗೆ ಹೊರಗೆ ನಿಲ್ಲಿಸಿದವರು ಎಷ್ಟು ಮಕ್ಕಳೋ. ಅವತ್ತಿನಿಂದ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಇದು ಬೆಳವಣಿಗೆ ಅಂದರೆ ಬೆಳವಣಿಗೆ. ಆದರೆ ನಮ್ಮವರು ನಾಳೆ ತಿರುಗಿ ಬರುತ್ತಾರೆ ಅಂದರೆ ಇದನ್ನು ವಾಪಸ್ಸು ಕೊಟ್ಟುಬಿಡುತ್ತೇನೆ ತಂಗ್ಯವ್ವಾ. ಕಲಿತದ್ದು ಇದೆ, ಅದಕ್ಕೆ ಕೊಟ್ಟ ಬೆಲೆ ನ್ಯಾಯದ್ದು ಅಂತ ನಾನು ಒಪ್ಪಿಲ್ಲ. ದುಃಖ ದೊಡ್ಡವರನ್ನು ಮಾಡುತ್ತದೆ ಅನ್ನುವವರು ಈ ಲೆಕ್ಕ ಬಿಟ್ಟು ಹೇಳುತ್ತಾರೆ.

ಕರ್ಮದ ಮಾತು ಹೇಳುವವರಿಗೆ ಉತ್ತರ ಕೊಡುತ್ತ ಕೂಡಬೇಡ. ತನ್ನ ನೋವಿಗೆ ತಾನು ಕರ್ಮ ಅಂದುಕೊಂಡರೆ ಅದು ಅವರವರ ಸಮಾಧಾನ. ಇನ್ನೊಬ್ಬರ ಹೆಣದ ಮನೆಗೆ ಬಂದು ಅದನ್ನು ಹೇಳುವ ಹಕ್ಕು ಯಾರಿಗೂ ಇಲ್ಲ. ಮದುವೆ ಕಂಡು ಹೊಟ್ಟೆ ಉರಿಯುವುದಕ್ಕೂ ನಾಚಬೇಡ. ಟ್ರೇನಿನಲ್ಲಿ ಮುದುಕ ಮುದುಕಿ ಒಂದೇ ಪೊಟ್ಟಣದ ಶೇಂಗಾ ತಿನ್ನುವುದನ್ನು ಕಂಡರೆ ನಾನು ಇವತ್ತಿಗೂ ಮುಖ ಆ ಕಡೆ ತಿರುಗಿಸುತ್ತೇನೆ.

ಬ್ಯಾಗು ಗೂಟಕ್ಕೇ ಇರಲಿ, ಯಾರು ಏನೇ ಅಂದರೂ. ಅತ್ತೆಯವರ ದೀಪದ ಬಗ್ಗೆ ಮಾತ್ರ ಒಂದು ಮಾತು. ಅವರು ಕಳಕೊಂಡದ್ದು ಮೊಮ್ಮಗನನ್ನು. ಆ ದೀಪ ನಿನ್ನ ಮೇಲೆ ಹಟಕ್ಕೆ ಹಚ್ಚಿದ್ದಲ್ಲ. ಒಂದು ಸಂಜೆ ದೇವರಿಗೆ ಬೆನ್ನು ಮಾಡಿಯಾದರೂ ಸರಿ, ಅವರ ಪಕ್ಕ ಕೂತು ನೋಡು. ಮತ್ತೆ ನಿದ್ದೆ. ಎರಡು ವರ್ಷ ನಿದ್ದೆಯಿಲ್ಲ ಅನ್ನುವುದನ್ನು ಭಕ್ತಿ, ನಂಬಿಕೆಯ ಲೆಕ್ಕಕ್ಕೆ ಹಾಕಬೇಡ, ಅದು ಡಾಕ್ಟರು ನೋಡಬೇಕಾದದ್ದು. ಧಾರವಾಡದ ಡಿಮ್ಹಾನ್ಸ್, ಅಂದರೆ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆಗೆ ನಿನ್ನ ಗಂಡನನ್ನೂ ಕರಕೊಂಡು ಹೋಗಿ ಬಾ. ಆ ಆಸ್ಪತ್ರೆಯ ಹೆಸರಿಗೆ ಅಂಜಿ ಮಂದಿ ದೂರ ಇರುತ್ತಾರೆ, ಅಂಜುವಂಥದ್ದು ಏನೂ ಇಲ್ಲ. ಅಲ್ಲಿಯವರೆಗೆ ಹೋಗಲು ಮನಸ್ಸು ಬಾರದಿದ್ದರೆ ಮನೆಯಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜೀವ ಬೇಡ ಅನ್ನಿಸಿದ ರಾತ್ರಿ ಬೆಳಗಾಗಲಿ ಅಂತ ಕಾಯಬೇಡ, ಆವಾಗಲೇ ಮಾಡು. ನನಗೂ ಪತ್ರ ಬರೆ.

ಪ್ರಶ್ನೆ: ಹಾನಗಲ್ಲ ತಾಲ್ಲೂಕಿನವ ನಾನು, ವಯಸ್ಸು 28. ಹೋದ ವರ್ಷ ಗೋವಿನಜೋಳ ರಾಶಿ ಮಾಡೋ ಮಷಿನ್ನಿಗೆ ಸಿಕ್ಕು ಬಲಗೈ ಮೊಣಕೈತನಕ ಹೋತು. ಬಂದವರೆಲ್ಲ ‘ದೇವರು ಏನ ಮಾಡಿದ್ರೂ ಒಳ್ಳೇದಕ್ಕ’ ಅಂತಾರ. ‘ಪುಟ್ಟರಾಜ ಗವಾಯಿಗಳಿಗೆ ಕಣ್ಣ ಇರಲಿಲ್ಲ, ಅವರು ಎಷ್ಟು ಸಾಧಿಸಿದ್ರು, ನಿನಗೇನಾಗೈತಿ’ ಅಂತಾರ. ಅಜ್ಜಾರ ಮ್ಯಾಲೆ ಭಕ್ತಿ ಇದ್ರೂ ಈ ಮಾತು ಕೇಳಿದ್ರ ಸಿಟ್ಟು ಬರತೈತಿ. ನಂದು ತಪ್ಪೇನ್ರಿ?

ಉತ್ತರ: ತಪ್ಪಿಲ್ಲ ತಮ್ಮಾ. ಒಳ್ಳೆಯದಕ್ಕೇ ಅನ್ನುವವರ ಎರಡೂ ಕೈ ನೆಟ್ಟಗಿರುತ್ತವೆ. ಆದರೆ ಅಜ್ಜಾರ ಉದಾಹರಣೆಯನ್ನು ಬಿಟ್ಟುಬಿಡಬೇಡ. ಮಂದಿ ಅದನ್ನು ಅರ್ಧ ಮಾತ್ರ ಹೇಳುತ್ತಾರೆ.

ನಿಮ್ಮ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಅಂಧ ಹುಡುಗನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕರಕೊಂಡು ಬಂದು ಸಂಗೀತಕ್ಕೆ ಹಚ್ಚಿದರು. ಅವರೇ ಪಂಚಾಕ್ಷರಿ ಗವಾಯಿಗಳು. ಆ ಅಂಧ ಗುರು, ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಕೂಸಿದ್ದಾಗಲೇ ಕಣ್ಣು ಕಳಕೊಂಡ ಇನ್ನೊಬ್ಬ ಹುಡುಗನಿಗೆ ಕಲಿಸಿದರು. ಅವರು ಪುಟ್ಟರಾಜರು. 1944ರಲ್ಲಿ ಗುರುಗಳು ಹೋದ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು 66 ವರ್ಷ ಪುಟ್ಟರಾಜರು ನಡೆಸಿದರು. ಮಕ್ಕಳ ಊಟಕ್ಕೆ ನಾಟಕ ಕಂಪನಿ ಕಟ್ಟಿದರು, ತುಲಾಭಾರದ ದುಡ್ಡನ್ನೂ ಆಶ್ರಮಕ್ಕೇ ಹಾಕಿದರು. ಇದರಲ್ಲಿ ಕುರುಡುತನ ಅವರನ್ನು ದೊಡ್ಡವರನ್ನು ಮಾಡಿತು ಅನ್ನುವುದು ಎಲ್ಲಿದೆ ಹೇಳು? ಕಣ್ಣಿಲ್ಲದೆ ಮೂಲೆಯಲ್ಲಿ ಕೂತು ಕಳೆದುಹೋದ ಮಕ್ಕಳು ಆ ಕಾಲದಲ್ಲಿ ಊರೂರಿಗೆ ಇದ್ದರು. ಇವರಿಗೆ ಒಬ್ಬರು ಕೈ ಹಿಡಿದರು, ಇವರು ಮುಂದಿನವರ ಕೈ ಹಿಡಿದರು. ಅವರ ಹೆಸರು ಹೇಳಿ ನಿನಗೆ ಬುದ್ಧಿ ಹೇಳುವವರು ಕೈ ಚಾಚಿದ್ದಾರೆಯೇ, ಅದನ್ನು ಕೇಳು.

ನಾನು ಕಣ್ಣಾರೆ ಕಂಡದ್ದು ಒಂದಿದೆ. ಅಜ್ಜಾರು 2010ರ ಸೆಪ್ಟೆಂಬರ್ 17, ಶುಕ್ರವಾರ ಲಿಂಗೈಕ್ಯರಾದರು. ಮರುದಿನ ಶನಿವಾರ ನಮ್ಮ ಡಯಾಲಿಸಿಸ್. ಊರಿಗೆ ಊರೇ ಗದುಗಿಗೆ ಬರುತ್ತಿದ್ದರೆ ನಾವಿಬ್ಬರು ಊರು ಬಿಟ್ಟು ಹುಬ್ಬಳ್ಳಿಗೆ ಹೊರಟಿದ್ದೆವು. ಸ್ಟೇಶನ್ನಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಂದು ಡಬ್ಬಿಯಿಂದ ಏಳೆಂಟು ಜನ ಅಂಧರು ಇಳಿದರು. ಆಶ್ರಮದಲ್ಲಿ ಕಲಿತು ಹೋದವರಿರಬೇಕು, ತಲೆ ನರೆತವರೂ ಇದ್ದರು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈ ಇಟ್ಟು ಸಾಲಾಗಿ ನಡೆದರು. ಮುಂದಿನವನಿಗೂ ಕಣ್ಣಿರಲಿಲ್ಲ, ಕೋಲು ಇತ್ತು. ಅಷ್ಟು ಗದ್ದಲದ ಮಂದಿ ತಾವಾಗಿ ಸರಿದು ದಾರಿ ಬಿಟ್ಟರು. ನಮ್ಮವರು ಉಸಿರು ಹಿಡಿದುಕೊಂಡು ನಿಂತು ನೋಡಿದರು. ನಾನು ಆಗ ದೇವರ ಕೂಡ ಮಾತು ಬಿಟ್ಟಿದ್ದ ಕಾಲ, ಆದರೂ ಕೈ ಮುಗಿದೆ.

ಪತ್ರ ಎಡಗೈಯಲ್ಲಿ ಬರೆದದ್ದು ಅಂತ ನೀನು ಹೇಳದಿದ್ದರೂ ಗೊತ್ತಾಯಿತು. ಒತ್ತಕ್ಷರಗಳೆಲ್ಲ ಗೆರೆಯ ಕೆಳಗೆ ಜಾರಿವೆ. ‘ಪುಟ್ಟರಾಜ’ ಅನ್ನುವುದನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಸರಿಯಾಗಿ ಬರೆದಿದ್ದೀ. ಮಾಸ್ತರಿಕೆ ಮಾಡಿದಾಕಿಯ ಕಣ್ಣು, ಕ್ಷಮಿಸು. ಒಂದು ಎರಡುಗೆರೆ ಕಾಪಿ ತಂದುಕೋ, ಕಾಗದವನ್ನು ಬಲಗಡೆಗೆ ವಾರೆ ಇಟ್ಟುಕೋ, ದಿನಾ ಒಂದೇ ಪುಟ. ಅಂಗವಿಕಲರ ಯುಡಿಐಡಿ ಕಾರ್ಡು ಮಾಡಿಸಿದ್ದೀಯೋ ಇಲ್ಲವೋ ಬರೆದಿಲ್ಲ. ಮಾಡಿಸಿಲ್ಲದಿದ್ದರೆ ಈ ವಾರವೇ ಅರ್ಜಿ ಹಾಕು, ಪಿಂಚಣಿ, ಬಸ್ ಪಾಸು, ಸಾಲ ಎಲ್ಲಕ್ಕೂ ಮೊದಲು ಅದನ್ನೇ ಕೇಳುತ್ತಾರೆ. ಆರು ತಿಂಗಳು ಬಿಟ್ಟು ಇನ್ನೊಂದು ಪತ್ರ ಬರೆ. ಅಕ್ಷರ ನೋಡಬೇಕು ನಾನು.

ಪ್ರಶ್ನೆ: ಹಳೇ ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಭಾವನವರಿಗೆ ಕಿಡ್ನಿ ತೊಂದರೆಯಾಗಿ ಡಯಾಲಿಸಿಸ್ ಶುರುವಾಗಿದೆ. ಮನೆಗೆ ಬಂದ ಜ್ಯೋತಿಷಿಯೊಬ್ಬರು ಗ್ರಹಶಾಂತಿಗೆ 35 ಸಾವಿರ ಆಗುತ್ತದೆ, ಮಾಡಿಸಿದರೆ ಡಯಾಲಿಸಿಸ್ ನಿಲ್ಲುತ್ತದೆ ಅಂದಿದ್ದಾರೆ. ಅಕ್ಕ ಬಂಗಾರ ಒತ್ತೆ ಇಡಲು ಹೊರಟಿದ್ದಾಳೆ. ನಂಬಿಕೆ ಇಲ್ಲದೆ ಹೇಳುತ್ತೀ ಅಂತ ನನಗೇ ಬೈಯುತ್ತಾಳೆ.

ಉತ್ತರ: ಬಂಗಾರ ಒತ್ತೆ ಇಡಲು ಬಿಡಬೇಡವ್ವಾ. ಅಕ್ಕನಿಗೆ ಈ ಪುಟ ಓದಿ ತೋರಿಸು. ಹೆದರಿದ ಹೆಣ್ಣುಮಗಳಿಂದ ದುಡ್ಡು ಇಸಿದುಕೊಳ್ಳುವುದನ್ನು ನಾನು ನಂಬಿಕೆ ಅನ್ನುವುದಿಲ್ಲ. ಆ ಮನುಷ್ಯ ಡಯಾಲಿಸಿಸ್ ನಿಲ್ಲಿಸಿ ಅಂದರೆ ಮಾತ್ರ ಕಿವಿಗೆ ಹಾಕಿಕೊಳ್ಳಲೇಬೇಡಿ. ಕಿಡ್ನಿ ಪೂರಾ ಹೋದವರಿಗೆ ಅದು ನಿಂತರೆ ಜೀವಕ್ಕೇ ಅಪಾಯ. ಮನಸ್ಸು ತಡೆಯದಿದ್ದರೆ ಸಿದ್ಧಾರೂಢ ಮಠ ನಿಮ್ಮ ಓಣಿಯಿಂದ ನಡೆದು ಹೋಗುವಷ್ಟು ಹತ್ತಿರ. ಓಂ ನಮಃ ಶಿವಾಯ ಅನ್ನುತ್ತ ಕೂತು, ಪ್ರಸಾದ ಉಂಡು ಬನ್ನಿ. ಅಲ್ಲಿ ಯಾರೂ 35 ಸಾವಿರ ಕೇಳುವುದಿಲ್ಲ.

ಬಿ.ಪಿ.ಎಲ್. ಕಾರ್ಡು, ಆಯುಷ್ಮಾನ್ ಕಾರ್ಡು ಕೈಯಲ್ಲಿ ಹಿಡಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ ಇದೆ. ನೋಡಲು ಬರುವವರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರುತ್ತಾರೆ, ಭಾವನವರಿಗೆ ಕೊಡಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಎದೆಬಡಿತಕ್ಕೆ ಕೆಟ್ಟದ್ದು. ತರಕಾರಿ ಹೆಚ್ಚಿ ಕುದಿಸಿ, ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಿ. ಫಿಸ್ಟುಲಾ ಮಾಡಿದ ಕೈಗೆ ಬಿ.ಪಿ. ಪಟ್ಟಿ ಕಟ್ಟಲು, ರಕ್ತ ತೆಗೆಯಲು ಯಾರಿಗೂ ಕೊಡಬೇಡಿ, ಆ ಕೈ ತಲೆಗೆ ಇಟ್ಟುಕೊಂಡು ಮಲಗಲೂ ಬಿಡಬೇಡಿ. ವಾರ್ಡಿನಲ್ಲಿ ಎ.ಸಿ. ಚಳಿ ಇರುತ್ತದೆ, ಒಂದು ಕೌದಿ ಒಯ್ಯಿರಿ. ಮತ್ತೆ ನಿನ್ನ ಅಕ್ಕನಿಗೆ ಹೇಳು, ದಿನಾ ರಾತ್ರಿ ಮಲಗುವ ಮುಂಚೆ ಆ ಕೈ ಮೇಲೆ ಅಂಗೈ ಇಟ್ಟು ನೋಡಲಿ, ಗುಂಯ್ ಅನ್ನುತ್ತದೋ ಇಲ್ಲವೋ ಅಂತ.